ಒಳಕ್ಕೆ ತಿರುಗಿದ ಎಡಗಾಲು

ಹಲ್ಲುನೋವೆಂದು ಸುಳ್ಳು ಹೇಳಿದ್ದು ಹಿಂದಿನ ಸಂಜೆ. ಬೆಳಿಗ್ಗೆ ಎದ್ದಾಗ ಝಾಖೆಲೆಯ ದವಡೆ ನಿಜವಾಗಿಯೇ ನೋಯುತ್ತಿತ್ತು. ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು ನೋಡಿಕೊಂಡ. ಯಾವ ಹಲ್ಲು ಎಂದು ಗೊತ್ತಾಗಲಿಲ್ಲ. ಕಾಡಿನ ಲಾಡ್ಜಿನ ಅಡುಗೆಮನೆಯಿಂದ ತಂದಿದ್ದ ಕೆಂಪು ಚೌಕಳಿಯ ಬಟ್ಟೆಯನ್ನು ಗಲ್ಲದ ಕೆಳಗಿನಿಂದ ನೆತ್ತಿಯ ಮೇಲಕ್ಕೆ ಎಳೆದು ಗಂಟು ಹಾಕಿದ. ಗಂಟಿನ ತುದಿಗಳೆರಡೂ ಮೊಲದ ಕಿವಿಗಳಂತೆ ನಿಂತವು. ಹೆಣದ ಬಾಯಿ ತೆರೆದುಕೊಳ್ಳದಿರಲಿ ಎಂದು ಹೀಗೇ ಕಟ್ಟುತ್ತಾರೆ ಎಂಬುದು ಕಟ್ಟಿದ ಮೇಲೆ ನೆನಪಾಯಿತು. ಬಿಚ್ಚಲು ಹೊತ್ತಿರಲಿಲ್ಲ. ಹೊರಗೆ ಡೆವಾಲ್ಡ್ ಜೀಪಿನ ಬಾಗಿಲನ್ನು ಅಂಗೈಯಿಂದ ಬಡಿದು ಕರೆಯುತ್ತಿದ್ದ.

“ಏನ್ ನ್ಯಾಂಬೋಸೆ, ಮದುವೆ ಗೊತ್ತಾಯ್ತಾ? ಮುಸುಕು ಹಾಕ್ಕೊಂಡು ಬಂದಿದೀಯ!”

ಡೆವಾಲ್ಡ್ ಬಿಳಿಯ. ಆದರೆ ಕಬ್ಬಿನ ತೋಟದಲ್ಲಿ ಜುಲು ಮಕ್ಕಳ ಜೊತೆ ಬೆಳೆದವನು. ಮ್ಥೆತ್ವಾ ಮನೆತನದವರನ್ನು ಮರ್ಯಾದೆಗೆ ಹಾಗೆ ಕರೆಯಬೇಕೆಂದು ಗೊತ್ತಿದ್ದವನು. ಝಾಖೆಲೆ ದವಡೆ ಮುಟ್ಟಿ ತೋರಿಸಿದ. “ಬಿಡು, ನಿನ್ನ ಕೆಲಸಕ್ಕೆ ಬಾಯಿ ಯಾಕೆ? ಕಣ್ಣು, ಕೈ ಇದ್ರೆ ಸಾಕು. ಸವಾರಿ ಮುಗಿದ ಮೇಲೆ ರಜಾ ತಾನೆ? ಹೋಗಿ ಕೀಳಿಸ್ಕೊ.” ಕೈ ಎಂಬ ಮಾತಿಗೆ ಝಾಖೆಲೆಯ ಬಲಗೈ ತಾನಾಗಿ ಜೇಬಿನೊಳಗೆ ಹೋಯಿತು.

ಜೀಪಿನ ಮೂತಿಯ ಎಡತುದಿಯಲ್ಲಿ, ದೀಪದ ಮೇಲೆ ಚಾಚಿಕೊಂಡಂತೆ, ಕಬ್ಬಿಣದ ಒಂಟಿ ಸೀಟು. ಹೆಜ್ಜೆ ಹುಡುಕುವವನ ಜಾಗ ಅದು. ಅಲ್ಲಿ ಕೂತವನ ಮುಂದೆ ಗಾಜಿಲ್ಲ, ಪಕ್ಕದಲ್ಲಿ ಬಾಗಿಲಿಲ್ಲ. ರಸ್ತೆಯ ಧೂಳೊಂದೇ ಎದುರಿಗೆ. ಹಿಂದೆ ಕೂತವರಿಗೆ ಅವನ ಬೆನ್ನು ಮಾತ್ರ ಕಾಣುತ್ತದೆ. ಎಲ್ಲೆಲ್ಲಿಯ ಮನೆಗಳಲ್ಲೋ, ಸಿಂಹದ ಫೋಟೋದ ಮೂಲೆಯಲ್ಲಿ, ತನ್ನ ಕತ್ತು ಮತ್ತು ಒಂದು ಕಿವಿ ಗೋಡೆಗೆ ತೂಗುತ್ತಿರಬೇಕು ಎಂದು ಝಾಖೆಲೆಗೆ ಆಗಾಗ ಅನ್ನಿಸುತ್ತಿತ್ತು. ಅವನು ಹತ್ತಿ ಕೂತು ಮಡಿಚಿದ ಕಂಬಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಚಳಿ ಮುಗಿದಿತ್ತು, ಮಳೆ ಬಂದಿರಲಿಲ್ಲ. ಕಂಬಳಿ ಬೇಕಾಗುವ ಬೆಳಗಲ್ಲ. ಯಾರೂ ಕೇಳಲಿಲ್ಲ. ಕಂಬಳಿಯೊಳಗೆ ಎಲಚಿ ಜಾತಿಯ ಮುಳ್ಳಿನ ರೆಂಬೆ ಇತ್ತು. ದೊಡ್ಡಪ್ಪ ಎಲ್ಫಸ್ ಕಡಿದು, ಮರಕ್ಕೆ ಕಾರಣ ಹೇಳಿ, ಕೊಟ್ಟದ್ದು. ಕೊಡುವಾಗ ಅವರು ಹೇಳಿದ್ದರು:

“ಒಂದೊಂದು ಗೆಣ್ಣಿಗೂ ಎರಡೆರಡು ಮುಳ್ಳು, ನೋಡು. ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆ. ನೆಟ್ಟಗಿರೋದು ಮನೆ ದಾರಿ ನೋಡತ್ತೆ. ಕೊಕ್ಕೆ ಹಿಂದೆ ಬರೋರನ್ನ ಬಿಡದೆ ಹಿಡ್ಕೊಳತ್ತೆ. ಅಣ್ಣ ಬಿದ್ದ ಜಾಗಕ್ಕೆ ಹೋಗು, ಹೆಸರು ಹಿಡಿದು ಕರಿ. ಅಲ್ಲಿಂದ ಮನೆ ಮುಟ್ಟೋ ತನಕ ನಿನ್ನ ಬಾಯಿ ಅವನಿಗೆ ಮಾತ್ರ. ತಿರುವು ಬಂದ್ರೆ ತಿರುವು ಅನ್ನು, ಹೊಳೆ ಬಂದ್ರೆ ಹೊಳೆ ಅನ್ನು. ಬೇರೆಯವರ ಹತ್ರ ಒಂದು ಮಾತಾಡಿದ್ಯೋ, ಅವನು ಅಲ್ಲೇ ನಿಂತುಬಿಡ್ತಾನೆ. ಯಾರದೋ ಬೇಲಿ ಪಕ್ಕ.”

ಇದು ದೊಡ್ಡಪ್ಪ ಮಾಡಬೇಕಾದ ಕೆಲಸ. ಅವರು ಟೋಪಿ ಕೈಯಲ್ಲಿ ಹಿಡಿದು ಕಾಡಿನ ಗೇಟಿನ ಮುಂದೆ ಬೆಳಗಿನಿಂದ ಬಿಸಿಲಿಳಿಯುವವರೆಗೆ ನಿಂತು ವಾಪಸಾಗಿದ್ದರು. ಗೇಟು ಕಾಯುವವನು ಅವರದೇ ದಿಣ್ಣೆಯವನು. “ದೊಡ್ಡಪ್ಪಾ, ಕಳ್ಳಬೇಟೆಯವನ ಶಾಸ್ತ್ರಕ್ಕೆ ನಿಮ್ಮನ್ನ ಒಳಗೆ ಬಿಟ್ರೆ ನಾಳೆ ನಾನೂ ನಿಮ್ಮ ಪಕ್ಕ ನಿಂತಿರ್ತೀನಿ,” ಎಂದಿದ್ದ. ವಿಚಾರಣೆ ಮುಗಿಯಲಿ ಎಂದು ಮ್ಯಾನೇಜರು ಹೇಳಿಕಳಿಸಿದ್ದ. ಅಮ್ಮ ಮಲಗುವುದನ್ನೇ ಬಿಟ್ಟಿದ್ದಳು. ಅಣ್ಣ ಲಿಂದಾನಿಯನ್ನು ಹೂಳಿದ ಮೇಲೆ ಒಂದು ದಿನವೂ ಚಾಪೆಗೆ ಬೆನ್ನು ಕೊಟ್ಟಿರಲಿಲ್ಲ. ಗೋಡೆಗೆ ಒರಗಿ ಕೂತು ಬೇಲಿಯ ಕಡೆ ಕಿವಿಯಿಟ್ಟಿರುತ್ತಿದ್ದಳು. “ಬರ್ತಾನೆ. ಬೇಲಿ ತನಕ ಬರ್ತಾನೆ. ನಿಂತ್ಕೊಂಡು ಹೋಗ್ತಾನೆ. ಮಾತಾಡ್ಸಿದ್ರೆ ಮುಖ ಆ ಕಡೆ ತಿರುಗಿಸ್ತಾನೆ.” ಹೂತದ್ದು ದೇಹ. ಸತ್ತವನನ್ನು ಸತ್ತ ಜಾಗದಿಂದ ಯಾರೂ ಕರೆದುಕೊಂಡು ಬಂದಿರಲಿಲ್ಲ. ಅಮ್ಮ ಒಣಗುತ್ತಿದ್ದಳು, ಮಳೆಗಾಲ ಕಾಣಲಾರಳು ಎಂದು ಅಕ್ಕಪಕ್ಕದ ಹೆಂಗಸರು ಅವಳ ಎದುರೇ ಮಾತಾಡಿಕೊಳ್ಳುತ್ತಿದ್ದರು.

ಹಿಂದಿನ ಸೀಟುಗಳಲ್ಲಿ ಇಬ್ಬರೇ ಅತಿಥಿಗಳು: ಬೂದು ಟೋಪಿಯ ಹೆಂಗಸು, ಆಕೆಯ ಗಂಡ. ಗಂಡ ಕ್ಯಾಮೆರಾದ ಹಿಂದೆಯೇ ಇದ್ದ. ಹೆಂಗಸಿಗೆ ಎಲ್ಲವೂ ತಿಳಿಯಬೇಕಾಗಿತ್ತು. “ಇವರು ಯಾಕೆ ಒಂದೂ ಮಾತಾಡಲ್ಲ?” ಎಂದು ಕೇಳಿದಳು. “ಹಲ್ಲುನೋವು ಮೇಡಂ. ಇಲ್ಲದಿದ್ರೆ ಇವನ ಬಾಯಿ ಮುಚ್ಚೋಕೆ ನಾವು ಹಣ ಕೊಡಬೇಕು,” ಎಂದ ಡೆವಾಲ್ಡ್. ಮೂವರೂ ನಕ್ಕರು. ಜೀಪು ನಿಲ್ಲಿಸಿದಾಗ ಆಕೆ ಇಳಿದು ಬಂದು ಅವನ ಅಂಗೈ ಬಿಡಿಸಿ ಮಾತ್ರೆ ಇಟ್ಟಳು, ನೀರಿನ ಬಾಟಲಿ ಹಿಡಿದು ನಿಂತಳು. ಮಗುವಿಗೆ ಹೇಳುವ ಹಾಗೆ “ನುಂಗಿ, ನುಂಗಿ” ಎಂದಳು. ಅವನು ನುಂಗಿದ. ಸುಳ್ಳಿನಿಂದ ಶುರುವಾದ ನೋವಿಗೆ ಸಿಕ್ಕ ಮಾತ್ರೆ. ಬಾಟಲಿಯ ಮುಚ್ಚಳ ತಿರುಗಿಸಿ ಆಕೆಗೆ ಹಿಂದಿರುಗಿಸಿದ.

ಗೂಬೆಗುಡ್ಡದ ರಸ್ತೆಗೆ ಹೊರಳಿದ ಕೂಡಲೇ ಬಲಗೈ ಬೆವರತೊಡಗಿತು. ಅಣ್ಣ ಸತ್ತ ದಿನವೂ ಇದೇ ರಸ್ತೆ, ಇದೇ ಓರೆ ಬಿಸಿಲು. ಓರೆ ಬಿಸಿಲಿನಲ್ಲಿ ಹೆಜ್ಜೆಯ ಅಂಚಿಗೆ ನೆರಳು ಬಿದ್ದು ಅದು ಎದ್ದು ಕೂತಂತೆ ಕಾಣುತ್ತದೆ. ಮೊದಲು ಕಂಡದ್ದು ಬೂಟಿನ ಅಡಿಯ ಮೀನುಮೂಳೆಯಂಥ ಗೆರೆಗಳು, ಲಾಡ್ಜಿನವರು ಕೆಲಸಗಾರರಿಗೆ ಕೊಡುವ ಬೂಟಿನವು. ಆಮೇಲೆ ಎಡಗಾಲು. ಎಡಗಾಲು ಒಳಕ್ಕೆ ತಿರುಗಿತ್ತು, ಹಿಮ್ಮಡಿಯ ಒಳ ಅಂಚು ಸವೆದಿತ್ತು. ಚಿಕ್ಕಂದಿನಲ್ಲಿ ಎತ್ತು ತುಳಿದು ಸೊಟ್ಟಗೆ ಕೂಡಿಕೊಂಡ ಆ ಪಾದದ ಹಿಂದೆ ಝಾಖೆಲೆ ಎಷ್ಟು ವರ್ಷ ದನ ಹೊಡೆದುಕೊಂಡು ನಡೆದಿದ್ದ; ಹೆಜ್ಜೆ ಓದುವುದನ್ನು ಅವನು ಮೊದಲು ಕಲಿತದ್ದೇ ಆ ಪಾದದಿಂದ. ಬೂಟು ಝಾಖೆಲೆಯದೇ ಹಳೆಯದು, ಅವನೇ ಅಣ್ಣನಿಗೆ ಕೊಟ್ಟದ್ದು. ಅಣ್ಣನೆಂದು ಗುರುತು ಹಿಡಿದದ್ದು ಮೊದಲೋ, ಕೈ ಎತ್ತಿದ್ದು ಮೊದಲೋ? ಮನುಷ್ಯನ ಹೆಜ್ಜೆ ಕಂಡರೆ ಮುಷ್ಟಿ ಕಟ್ಟಿ ಬಲಗೈ ಎತ್ತಬೇಕು, ಜೀಪು ನಿಲ್ಲುತ್ತದೆ. ಅದು ಕಲಿಸಿದ ಕೆಲಸ, ರೂಢಿ, ಬೆನ್ನ ಹಿಂದೆ ಇರುವವರ ಜೊತೆ ಆಡುವ ಒಂದೇ ಮಾತು. ಕೈ ಎತ್ತಿತ್ತು. ಆಗ ಇಳಿಸಬಹುದಾಗಿತ್ತು. ಏನೋ ಅಂದುಕೊಂಡೆ, ಮಂಗನದು, ಮುಳ್ಳುಹಂದಿಯದು ಎನ್ನಬಹುದಾಗಿತ್ತು. ಡೆವಾಲ್ಡ್ ಆಗಲೇ ರೇಡಿಯೋದಲ್ಲಿ ಮಾತಾಡುತ್ತಿದ್ದ. ಗೆದ್ದವನ ಹಾಗೆ ಮೇಲೇ ನಿಂತಿದ್ದ ತನ್ನ ಮುಷ್ಟಿಯನ್ನು ಝಾಖೆಲೆ ಬೇರೆ ಯಾರದೋ ಎಂಬಂತೆ ನೋಡುತ್ತ ಕೂತಿದ್ದ. ಅಣ್ಣ ಯಾಕೆ ಹೋದ ಎಂದು ಊರಲ್ಲಿ ಯಾರೂ ಕೇಳಲಿಲ್ಲ. ಕೇಳುವಂಥದ್ದೇನೂ ಇರಲಿಲ್ಲ, ಅವನಿಗಿಂತ ಮುಂಚೆ ಹೋದವರು ಘೇಂಡಾಮೃಗದ ಕೊಂಬು ಮಾರಿ ತಗಡಿನ ಸೂರು ಹಾಕಿಸಿದ್ದರು. ಬೆನ್ನಟ್ಟಿದವರು ಹೇಳಿದ್ದಿಷ್ಟು: ಓಡುವಾಗ ಸದ್ದಾಗದಿರಲೆಂದು ಬೂಟು ಕಳಚಿದ್ದ, ಬಂದೂಕು ಎತ್ತಿದ, ಹೊಡೆದೆವು. ಜೊತೆಗಿದ್ದವನು ಸಿಗಲಿಲ್ಲ. ಬೂಟೂ ಸಿಗಲಿಲ್ಲ. ಅಮ್ಮನಿಗೆ ಬಂದದ್ದು ಬರಿಗಾಲಿನ ಮಗ.

ಆಮೇಲೆ ಎಲ್ಲ ಕೆಲಸಗಾರರನ್ನೂ ಸುಳ್ಳು ಹಿಡಿಯುವ ಯಂತ್ರದ ಮುಂದೆ ಕೂರಿಸಿದರು. ಸತ್ತವನ ತಮ್ಮ ಎಂದು ಝಾಖೆಲೆಯನ್ನು ಮೊದಲು. ಬೆರಳಿಗೆ, ಎದೆಗೆ ಪಟ್ಟಿ ಕಟ್ಟಿದ ಮನುಷ್ಯ ಪುದೀನಾ ಜಗಿಯುತ್ತಿದ್ದ. ಘೇಂಡಾಮೃಗಗಳು ಎಲ್ಲಿವೆಯೆಂದು ಯಾರಿಗಾದರೂ ತಿಳಿಸಿದ್ದೀಯಾ? ಇಲ್ಲ. ನಿನ್ನ ಅಣ್ಣ ಒಳಗೆ ಬರುತ್ತಾನೆಂದು ಗೊತ್ತಿತ್ತಾ? ಇಲ್ಲ. ಯಂತ್ರ ಒಪ್ಪಿತು. ಮ್ಯಾನೇಜರು ಕೈ ಕುಲುಕಿದ. ಹೆಜ್ಜೆ ಯಾರದೆಂದು ನಿನಗೆ ಆ ಕ್ಷಣವೇ ಗೊತ್ತಾಯಿತಾ ಎಂದು ಯಂತ್ರ ಕೇಳಲಿಲ್ಲ. ಅಮ್ಮನೂ ಕೇಳಲಿಲ್ಲ.

ಬೆಳಗಿನ ಕಾಫಿಗೆ ಡೆವಾಲ್ಡ್ ಹೊಳೆಯ ತಿರುವಿನ ಹಾಸುಬಂಡೆಯ ಮೇಲೆ ಜೀಪು ನಿಲ್ಲಿಸಿದ. ಅತಿಥಿಗಳು ಇಳಿಯುವ ಮೊದಲು ಸುತ್ತಲಿನ ಪೊದೆಗಳನ್ನು ನೋಡಿ ಬರುವುದು ಝಾಖೆಲೆಯ ಕೆಲಸ. ಅವನು ಕಂಬಳಿ ಕಂಕುಳಲ್ಲಿಟ್ಟುಕೊಂಡು ಹೊರಟ. ಮರಗಳ ಹಿಂದೆ, ಹೊಳೆಯ ಒಣ ಕವಲಿನಲ್ಲಿ, ಅಣ್ಣ ಬಿದ್ದ ಜಾಗ. ಅಲ್ಲಿ ಏನೂ ಇರಲಿಲ್ಲ. ಏನಾದರೂ ಇರುತ್ತದೆ ಎಂದು ತಾನು ಯಾಕೆ ಅಂದುಕೊಂಡಿದ್ದ? ಪೊಲೀಸರ ಹಳದಿ ಪಟ್ಟಿಯ ಒಂದು ತುಂಡು ಮುಳ್ಳಿಗೆ ಸಿಕ್ಕಿ ಬಿಳಿಚಿಕೊಂಡಿತ್ತು. ಮರಳ ಮೇಲೆ ಜಿಂಕೆಯ ಹಿಕ್ಕೆ. ಜೀರುಂಡೆಗಳು ಕೂಗುತ್ತಿದ್ದವು. ರೆಂಬೆಯನ್ನು ಹೊರತೆಗೆದು ಮರಳಿಗೆ ಮುಟ್ಟಿಸಿದ. ದವಡೆಯ ಬಟ್ಟೆಯನ್ನು ಸ್ವಲ್ಪ ಸಡಿಲಿಸಿದ. ಹೇಳಬೇಕಾದ ಮಾತು ದೊಡ್ಡಪ್ಪ ಬಾಯಿಪಾಠ ಮಾಡಿಸಿದ್ದರು, ತಲೆಮಾರುಗಳ ಹೆಸರು ಸಹಿತ. ಬಾಯಿಗೆ ಬಂದದ್ದು ಬೇರೆ. “ಅಣ್ಣಾ. ನಾನು. ಏಳು, ಮನೆಗೆ ಹೋಗೋಣ. ಅಮ್ಮ ನಿದ್ದೆ ಮಾಡ್ತಿಲ್ಲ.” ಜೀರುಂಡೆಗಳು ನಿಂತವು. ಅವು ಹಾಗೆ ನಿಲ್ಲುತ್ತವೆ, ಮತ್ತೆ ಶುರುವಾಗುತ್ತವೆ ಎಂದು ಅವನಿಗೆ ಗೊತ್ತು. ಅವನು ಜೀಪಿನ ಹತ್ತಿರ ಬರುವವರೆಗೂ ಶುರುವಾಗಲಿಲ್ಲ. ರೆಂಬೆ ಹೋಗುವಾಗ ಇದ್ದದ್ದಕ್ಕಿಂತ ಭಾರವಾಗಿತ್ತು ಎನ್ನಿಸಿತು, ಮರಳು ಅಂಟಿರಬೇಕು. ಹಿಂದಿರುಗಿ ನೋಡಲಿಲ್ಲ. “ಇಲ್ಲಿ ಬಂಡೆ ಇದೆ, ಎಡವಬೇಡ,” ಎಂದ. “ಇದು ಜೀಪು. ಹತ್ತು. ಗಟ್ಟಿಯಾಗಿ ಹಿಡ್ಕೊ.”

“ಯಾರ ಜೊತೆ ಮಾತಾಡ್ತಿದಾರೆ?” ಎಂದಳು ಬೂದು ಟೋಪಿಯ ಹೆಂಗಸು, ಅವನಿಗೆ ಕೇಳಿಸಬಾರದೆಂಬ ದನಿಯಲ್ಲಿ. ಕಂಬಳಿಯಿಂದ ಹೊರಗೆ ಬಂದಿದ್ದ ರೆಂಬೆಯನ್ನು ಡೆವಾಲ್ಡ್ ನೋಡಿದ್ದ. ಕಬ್ಬಿನ ತೋಟದಲ್ಲಿ ಬೆಳೆದವನಿಗೆ ಅದೇನೆಂದು ಹೇಳಿಕೊಡಬೇಕಾಗಿರಲಿಲ್ಲ. ಗೂಬೆಗುಡ್ಡದಲ್ಲಿ ಸತ್ತವನು ಯಾರೆಂದೂ ಗೊತ್ತಿತ್ತು. ಉಳಿದ ಕಾಫಿಯನ್ನು ನೆಲಕ್ಕೆ ಚೆಲ್ಲಿ, “ಹೊರಡೋಣ,” ಎಂದ. ಆಮೇಲೆ ಜೀಪು ಎಂದಿಗಿಂತ ನಿಧಾನ ಓಡಿಸಿದ. ಆ ದಯೆ ಝಾಖೆಲೆಯ ಬೆನ್ನಿಗೆ ಚುಚ್ಚಿತು. ಅಂದು ರೇಡಿಯೋದಲ್ಲಿ ಮಾತಾಡಿದ ಬಾಯಿಯೂ ಇದೇ ಅಲ್ಲವೆ?

ಕೆಸರುಗುಂಡಿಯ ಹತ್ತಿರ ಹೆಣ್ಣು ಘೇಂಡಾಮೃಗ ಮರಿಯೊಂದಿಗೆ ನಿಂತಿತ್ತು. ಕಳ್ಳರಿಗೆ ಆಸೆಯಾಗದಿರಲೆಂದು ಕಾಡಿನವರೇ ಅದರ ಕೊಂಬನ್ನು ಗರಗಸದಿಂದ ಕತ್ತರಿಸಿದ್ದರು. ಮೂಗಿನ ಮೇಲೆ ಕಡಿದ ಮರದ ಬೊಡ್ಡೆಯಂಥ ಚಪ್ಪಟೆ ಉಳಿದಿತ್ತು. ಬೊಡ್ಡೆಗೂ ಕೊಲ್ಲುತ್ತಾರೆ ಎಂದು ಡೆವಾಲ್ಡ್ ವಿವರಿಸಿದ. ಗಂಡ ಫೋಟೋ ತೆಗೆದ, ಕೊಂಬಿಲ್ಲದ್ದು ನೋಡಿ ಬೇಸರಪಟ್ಟ. ಅದು ಜೀಪುಗಳಿಗೆ ಒಗ್ಗಿದ ಪ್ರಾಣಿ, ಬೆನ್ನು ತಿರುಗಿಸಿ ಮೇಯುವಂಥದು. ಇವತ್ತು ತಲೆ ಎತ್ತಿತು. ಮೇಲೆ ಕೂತು ಉಣ್ಣಿ ಹೆಕ್ಕುತ್ತಿದ್ದ ಹಕ್ಕಿಗಳು ಒಟ್ಟಿಗೆ ಕಿರುಚಿ ಹಾರಿದವು. ಮಂದಗಣ್ಣಿನ ಆ ಪ್ರಾಣಿ ಗಾಳಿಯಲ್ಲಿ ಮೂಗು ಆಡಿಸುತ್ತ ಎದುರಿಗೆ ಬಂತು. ಝಾಖೆಲೆಯ ಮುಖದಿಂದ ಒಂದು ಮಾರು ದೂರದಲ್ಲಿ ನಿಂತಿತು. ಅವನನ್ನು ಮೂಸಲಿಲ್ಲ. ಅವನ ಎಡಭುಜದ ಪಕ್ಕ, ಏನೂ ಇಲ್ಲದ ಕಡೆ, ಮೂಗು ಚಾಚಿ ಮೂಸಿತು. ಮೂಸುತ್ತಲೇ ಹಿಂದೆ ಹಿಂದೆ ಸರಿಯಿತು. ಮರಿ ತಾಯಿಯ ಹೊಟ್ಟೆಯ ಕೆಳಗೆ ನುಗ್ಗಿತು. “ಓ,” ಎಂದಳು ಹೆಂಗಸು ಹಿಂದಿನಿಂದ. “ಅಲ್ಲಾಡಬೇಡ ಅಣ್ಣಾ,” ಎಂದ ಝಾಖೆಲೆ ತುಟಿಯಲ್ಲೇ. “ಹೋಗತ್ತೆ.” ಹೋಯಿತು.

ದೊಡ್ಡ ರಸ್ತೆಗೆ ಸೇರಿದ ಮೇಲೆ ಕಂಡಿತು. ಬೆಳಿಗ್ಗೆ ತಮ್ಮದೇ ಜೀಪು ಹೋದ ಚಕ್ರದ ಗುರುತಿನ ಮೇಲೆ, ಈಗಷ್ಟೇ ಒತ್ತಿದಂತೆ, ಮೀನುಮೂಳೆಯ ಗೆರೆಗಳು. ಬಲಗಾಲು. ಎಡಗಾಲು. ಎಡದ ಹಿಮ್ಮಡಿಯ ಒಳ ಅಂಚು ಸವೆದಿತ್ತು. ಮತ್ತೆ ಬಲ, ಮತ್ತೆ ಎಡ. ಜೀಪಿನ ಮುಂದೆ ಮುಂದೆ, ಮನೆಯ ದಿಕ್ಕಿಗೆ, ಗೇಟಿನ ದಿಕ್ಕಿಗೆ. ಝಾಖೆಲೆಯ ಕೂದಲು ಬಟ್ಟೆಯ ಗಂಟಿನ ಕೆಳಗೆ ನಿಮಿರಿತು. ಜೀಪು ಹತ್ತು ಎಂದರೆ ಹತ್ತಿಲ್ಲ, ನಡೆದೇ ಹೊರಟಿದ್ದಾನೆ. ಯಾವಾಗ ತಾನೆ ತಮ್ಮನ ಮಾತು ಕೇಳಿದ್ದ? ನಗು ಬಂತು, ಕಣ್ಣಲ್ಲಿ ನೀರು ಬಂತು. ಬಲಗೈ ಕಂಬಳಿಯ ಕೆಳಗೆ ಎದ್ದಿತು. ಅವನು ಅದನ್ನು ರೆಂಬೆಯ ಮೇಲೆ ಒತ್ತಿ ಹಿಡಿದ. ಮುಳ್ಳು ಅಂಗೈಗೆ ಇಳಿಯಿತು. ಕೊಕ್ಕೆಯ ಮುಳ್ಳು ಇಳಿದರೆ ಬಿಡುವುದಿಲ್ಲ. ಈ ಸಲ ಇಲ್ಲ. ಈ ಸಲ ಎತ್ತುವುದಿಲ್ಲ. ಹೆಜ್ಜೆಗಳು ಸ್ವಲ್ಪ ದೂರ ಹಾಗೇ ಹೋಗಿ, ರಸ್ತೆ ಬಿಟ್ಟು, ಕೆಸರುಗುಂಡಿಯ ಕಡೆಯ ಹುಲ್ಲಿಗೆ ಇಳಿದವು. “ಆ ಕಡೆ ಅಲ್ಲ ಅಣ್ಣಾ. ದಾರಿ ಇಲ್ಲಿದೆ. ಬಾ, ಇಲ್ಲಿ ಬಾ,” ಎಂದ. ಹುಲ್ಲು ಅಲ್ಲಾಡಲಿಲ್ಲ.

“ಏನಾದ್ರೂ ಕಾಣ್ತಾ ನ್ಯಾಂಬೋಸೆ?” ಎಂದ ಡೆವಾಲ್ಡ್.

ಝಾಖೆಲೆ ಇಲ್ಲವೆಂದು ತಲೆಯಾಡಿಸಿದ. ಜೀಪಿನ ಚಕ್ರಗಳು ಹೆಜ್ಜೆಗಳ ಮೇಲೆ ಒಂದೊಂದಾಗಿ ಹತ್ತಿ ಇಳಿದವು.

ಇನ್ನೊಂದು ಸಂಗತಿಯನ್ನೂ ಅವನ ಕಣ್ಣು ಓದಿತ್ತು. ಓದಿದ್ದನ್ನು ಅವನು ಮನಸ್ಸಿನೊಳಕ್ಕೆ ಬಿಟ್ಟುಕೊಂಡಿರಲಿಲ್ಲ, ಅಷ್ಟೆ. ಬೂಟಿನ ಸವೆತ ಬೂಟಿನದು. ಹಾಕಿದವನು ಬದಲಾದರೂ ಅದು ಹೋಗುವುದಿಲ್ಲ. ನಡಿಗೆ ಮನುಷ್ಯನದು. ಈ ಹೆಜ್ಜೆಯ ಎಡಗಾಲು ಸವೆದಿತ್ತು, ಆದರೆ ಒಳಕ್ಕೆ ತಿರುಗಿರಲಿಲ್ಲ. ಹೆಜ್ಜೆ ಹೆಜ್ಜೆಯ ನಡುವೆ ಅಂತರ ದೊಡ್ಡದು, ಹಿಮ್ಮಡಿ ಆಳ. ಹೆಗಲ ಮೇಲೆ ಭಾರವಿದ್ದ ಎತ್ತರದ ಮನುಷ್ಯ, ಅಂದು ಅಣ್ಣನ ಜೊತೆಗಿದ್ದು ಸಿಗದೆ ಹೋದವನೇ ಇರಬೇಕು. ಹೀಗೆ ಪದಪದವಾಗಿ ಅದು ಒಳಗೆ ಬಂದದ್ದು ಗೇಟಿನಲ್ಲಿ, ಕೆಲಸ ಮುಗಿಸಿ ಹೊರಗೆ ಹೋಗುವವರ ಚೀಲ ತಪಾಸಣೆಯ ಸಾಲಿನಲ್ಲಿ ನಿಂತಿದ್ದಾಗ. ಅವನನ್ನು ಅಲ್ಲಿ ಬಿಟ್ಟು ಡೆವಾಲ್ಡನ ಜೀಪು ಅತಿಥಿಗಳನ್ನು ಇಳಿಸಲು ಲಾಡ್ಜಿಗೆ ಹೋಗಿ ಸಾಕಷ್ಟು ಹೊತ್ತಾಗಿತ್ತು. ಈಗ ಬಾಯಿ ತೆರೆದರೆ ಒಂದು ಮಾತು ಸಾಕು. ಗೇಟಿನವನ ಸೊಂಟದಲ್ಲೇ ರೇಡಿಯೋ ಇದೆ. ಬಾಯಿ ತೆರೆದರೆ ಲಿಂದಾನಿ ಇಲ್ಲೇ, ಈ ಗೇಟಿನ ಕಂಬದ ಪಕ್ಕ, ದೊಡ್ಡಪ್ಪ ಟೋಪಿ ಹಿಡಿದು ನಿಂತಿದ್ದ ಜಾಗದಲ್ಲಿ ನಿಂತುಬಿಡುತ್ತಾನೆ. ಅಥವಾ ಅವನು ಬಂದೇ ಇಲ್ಲವೋ? ಕರೆದದ್ದಕ್ಕೆ ಎದ್ದು ಬಂದವನು ಜೀಪಿನ ಮೇಲಿದ್ದನೋ, ಹುಲ್ಲಿನಲ್ಲಿ ಇಳಿದುಹೋದನೋ? ತಾನು ಬಾ ಬಾ ಎಂದದ್ದು ಯಾರನ್ನು? ಕಾವಲುಗಾರ ಕಂಬಳಿ ಬಿಚ್ಚಿದ. ರೆಂಬೆ ನೋಡಿದ, ಕಟ್ಟಿದ ದವಡೆ ನೋಡಿದ. ಟೋಪಿ ತೆಗೆದ. ಮತ್ತೆ ಕಂಬಳಿ ಸುತ್ತಿಕೊಟ್ಟು, ಅಡ್ಡಗಂಬ ಎತ್ತಿದ. ಝಾಖೆಲೆ ದಾಟಿದ ಮೇಲೂ, ಇನ್ನೊಬ್ಬರು ದಾಟುವಷ್ಟು ಹೊತ್ತು, ಎತ್ತಿಯೇ ಹಿಡಿದಿದ್ದ. “ಗೇಟು ಅಣ್ಣಾ,” ಎಂದ ಝಾಖೆಲೆ. “ಹೊರಗೆ ಬಂದ್ವಿ.”

ಟ್ಯಾಕ್ಸಿ ವ್ಯಾನಿನಲ್ಲಿ ಅವನು ಎರಡು ಸೀಟಿಗೆ ಕೊಟ್ಟ. ಕಿಟಕಿಯ ಕಡೆ, ಎಡಕ್ಕೆ, ರೆಂಬೆ. ಪಕ್ಕದಲ್ಲಿ ಅವನು. ಅಣ್ಣನ ಕಾಲಿಗೆ ಜಾಗವಾಗಲೆಂದು ತನ್ನ ಎಡಗಾಲನ್ನು ಒಳಕ್ಕೆ ಎಳೆದು ತಿರುಗಿಸಿ ಇಟ್ಟುಕೊಂಡ. ಎಲೆಕೋಸಿನ ಚೀಲ ಹೊತ್ತ ದಪ್ಪ ಹೆಂಗಸು ಬಾಗಿಲಲ್ಲೇ ನಿಂತಳು. “ಸರಿಯಪ್ಪಾ ಆ ಕಡೆ. ಸೀಟು ಖಾಲಿ ಇದೆ, ಮಹಾರಾಜನ ಹಾಗೆ ಕೂತಿದೀಯಲ್ಲ.” ಅವನು ಆ ಸೀಟಿಗೆ ಕೈ ಅಡ್ಡ ಹಿಡಿದ. “ಕಿವುಡಾ?” ಹಿಂದಿನಿಂದ ಯಾವನೋ, “ಅತ್ತೇ, ಅಲ್ಲಿ ಮುಳ್ಳು ಕೂತಿದೆ, ಅದಕ್ಕೂ ಟಿಕೆಟ್ಟು. ಮುಳ್ಳಿನ ತೊಡೆ ಮೇಲೆ ಕೂತ್ಕೊಳಿ!” ಎಂದ. ಒಂದಿಬ್ಬರು ನಕ್ಕರು. ಮುಂದೆ ಕೂತಿದ್ದ ಮುದುಕಿ ತಿರುಗಿದಳು. “ಬಾಯಿ ಮುಚ್ಚೋ ಕತ್ತೆ. ಯಾವ ಮುಳ್ಳು ಅಂತ ನೋಡಿ ಮಾತಾಡು. ನಿನ್ನನ್ನೂ ಒಂದಿನ ಹೀಗೇ ಕರ್ಕೊಂಡು ಬರೋರು ಬೇಕು.” ನಗು ಸತ್ತುಹೋಯಿತು. ದಪ್ಪ ಹೆಂಗಸು “ಕ್ಷಮಿಸಪ್ಪಾ,” ಎಂದಳು, ಝಾಖೆಲೆಗಲ್ಲ, ಅವನ ಪಕ್ಕದ ಸೀಟಿಗೆ. ಡ್ರೈವರು ಹಾಡು ನಿಲ್ಲಿಸಿದ.

ಸೇತುವೆ ಬಂದಾಗ ಸೇತುವೆ ಎಂದ. ತಿರುವು ಬಂದಾಗ ತಿರುವು. ಎಡಗಾಲು ಜೋಮು ಹಿಡಿಯುತ್ತಿತ್ತು, ಚಾಚಲಿಲ್ಲ. ಹೆಲಿಕಾಪ್ಟರ್ ಒಂದು ಕಬ್ಬಿನ ಗದ್ದೆಗಳ ಮೇಲೆ ತಗ್ಗಾಗಿ ಹಾದು ಕಾಡಿನ ಕಡೆ ಹೋಯಿತು. ವ್ಯಾನಿನವರೆಲ್ಲ ತಲೆ ಬಗ್ಗಿಸಿ ಕಿಟಕಿಯಿಂದ ನೋಡಿದರು. “ಇವತ್ತು ಯಾರಿಗೋ?” ಎಂದಳು ಮುದುಕಿ. “ಮೃಗಕ್ಕೋ, ಮನುಷ್ಯನಿಗೋ,” ಎಂದ ಡ್ರೈವರು. ಝಾಖೆಲೆಯ ಜೇಬಿನಲ್ಲಿ ಫೋನು ನಡುಗತೊಡಗಿತು. ತೆಗೆದು ನೋಡಿದ, ಡೆವಾಲ್ಡ್. ನಿಂತಿತು, ಮತ್ತೆ ನಡುಗಿತು. ಆಮೇಲೆ ಸಂದೇಶ ಬಂತು. ಕೆಸರುಗುಂಡಿಯ ಹೆಣ್ಣು ಹೋಯಿತು. ಮರಿ ಬದುಕಿದೆ, ಹತ್ತಿರ ಬಿಡುತ್ತಿಲ್ಲ. ಮುಖ ಕೊಚ್ಚಿದ್ದಾರೆ. ಹೆಜ್ಜೆ ಇನ್ನೂ ಬಿಸಿಯಾಗಿದೆ, ಈಗಷ್ಟೇ ಹೋಗಿದ್ದಾರೆ, ನೀನು ಬೇಕು, ಎಲ್ಲಿದ್ದೀಯ ಹೇಳು, ಗಾಡಿ ಕಳಿಸುತ್ತೇನೆ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು: ರಸ್ತೆಯಲ್ಲಿ ನಿನಗೇನೂ ಕಾಣಲಿಲ್ಲವಾ? ಪ್ರಶ್ನೆಯ ಚಿಹ್ನೆಯನ್ನು ಝಾಖೆಲೆ ಬಹಳ ಹೊತ್ತು ನೋಡಿದ. ಅದೂ ಕೊಕ್ಕೆಯೇ. ಇಳಿಯುತ್ತೇನೆ ಎಂದು ಡ್ರೈವರಿಗೆ ಒಂದು ಮಾತು ಹೇಳಿದರೆ ವ್ಯಾನು ನಿಲ್ಲುತ್ತದೆ. ಮರಿ ತಾಯಿಯ ಸುತ್ತ ಸುತ್ತುತ್ತ ಮಾಡುವ ಸದ್ದು ಅವನಿಗೆ ಗೊತ್ತು, ಬಾಗಿಲಿನ ಕೀಲು ಅಳುವ ಹಾಗೆ. ಅದು ಈಗ ಕೇಳುತ್ತಿತ್ತು. ವ್ಯಾನಿನ ಬಾಗಿಲಿನ ಕೀಲಿರಬೇಕು. ಪಕ್ಕದ ಸೀಟಿನ ರೆಕ್ಸಿನ್ ತಗ್ಗಾಗಿತ್ತು, ಯಾರೋ ಕೂತ ಹಾಗೆ. ಹಳೆಯ ಸೀಟುಗಳೆಲ್ಲ ಹಾಗೇ ಇರುತ್ತವೆ. ಅವನು ಫೋನು ಜೇಬಿಗಿಟ್ಟ. “ಇನ್ನೇನು ಬಂತು ಅಣ್ಣಾ,” ಎಂದ. “ನಮ್ಮ ದಿಣ್ಣೆ.”

ಅಂಗಳ ಗುಡಿಸಿತ್ತು. ಬರೀ ಗುಡಿಸಿದ್ದಲ್ಲ, ಬೇಲಿಯಿಂದ ದುಂಡು ಗುಡಿಸಲಿನ ಹೊಸ್ತಿಲವರೆಗೆ ಕೋಳಿಯ ಕಾಲೂ ಬೀಳದ ಹಾಗೆ ಕಾದು, ಬಿಸಿಲಲ್ಲಿ ಕೂತಿದ್ದಳು ಅಮ್ಮ. ಮೂಲೆಯಲ್ಲಿ ಆಡು ಕಟ್ಟಿತ್ತು. ಜೋಳದ ಬಿಯರು ಹುಳಿಯೊಡೆದ ವಾಸನೆ. ದೊಡ್ಡಪ್ಪ ಎಲ್ಫಸ್ ಹಳೆಯ ಕೋಟು ಹಾಕಿ ಬಾಗಿಲಲ್ಲಿ ನಿಂತಿದ್ದರು; ಯಾರೂ ಮಾತಾಡಿಸಲಿಲ್ಲ. ಝಾಖೆಲೆ ಲಾಡ್ಜಿನ ಬೂಟಿನಲ್ಲೇ, ಜೋಮು ಹಿಡಿದ ಎಡಗಾಲನ್ನು ಎಳೆಯುತ್ತ ಅಂಗಳ ದಾಟಿದ. “ಮನೆ ಬಂತು. ಹೊಸ್ತಿಲು. ತಲೆ ಬಗ್ಗಿಸು.” ಒಳಗೆ, ಹಿಂದಿನ ಗೋಡೆಯ ಹತ್ತಿರ ಹಿರಿಯರ ಜಾಗದಲ್ಲಿ, ರೆಂಬೆಯನ್ನು ಮಲಗಿಸಿದ. ಮುಳ್ಳು ಅಂಗೈಯನ್ನು ಬಿಡಲಿಲ್ಲ, ಕಿತ್ತುಕೊಳ್ಳಬೇಕಾಯಿತು. ದೊಡ್ಡಪ್ಪ ವಂಶದ ಹೆಸರುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, ಕೊನೆಗೆ ಅವನ ಭುಜ ತಟ್ಟಿದರು. “ಮುಗೀತು ಮಗಾ. ಇನ್ನು ಮಾತಾಡು. ಬಂದನಾ?”

ಝಾಖೆಲೆ ದವಡೆಯ ಬಟ್ಟೆ ಬಿಚ್ಚಿದ. ಬಾಯಿ ತೆರೆದ. ಹೊರಗಿನಿಂದ ಅಮ್ಮ ಕೂಗಿದಳು.

ಇಬ್ಬರೂ ಹೊರಗೆ ಬಂದರು. ಅಮ್ಮ ಅಂಗಳದ ನಡುವೆ ಮಂಡಿಯೂರಿ ಕೂತಿದ್ದಳು. ಗುಡಿಸಿದ ಮಣ್ಣಿನ ಮೇಲೆ ಬೇಲಿಯಿಂದ ಬಂದ ಒಂದೇ ಸಾಲು ಹೆಜ್ಜೆ. ಮೀನುಮೂಳೆಯ ಗೆರೆ. ಬಲಗಾಲು ನೆಟ್ಟಗೆ. ಎಡಗಾಲು ಒಳಕ್ಕೆ ತಿರುಗಿತ್ತು.

“ನೋಡು,” ಎಂದಳು ಅಮ್ಮ. ಮುಟ್ಟಲಿಲ್ಲ, ಬೆರಳನ್ನು ಅದರ ಅಂಚಿನ ಮೇಲೆ ಗಾಳಿಯಲ್ಲಿ ಆಡಿಸಿದಳು. “ನನ್ನ ಮಗನ ಕಾಲು ನನಗೆ ಗೊತ್ತಿಲ್ವಾ? ಬರಿಗಾಲ್ನಲ್ಲಿ ಕಳಿಸಿಬಿಟ್ರಲ್ಲ ಅಂತ ಹೊಟ್ಟೆ ಉರಿತಿತ್ತು. ಬೂಟು ಹಾಕ್ಕೊಂಡೇ ಬಂದಿದಾನೆ, ನೋಡು ಎಲ್ಫಸ್ ಭಾವ. ಝಾಖೆಲೆ, ನಿನ್ನ ಕೆಲಸಾನೇ ಅದಲ್ವೇನೋ, ನೀನು ಹೇಳು. ಅವಂದೇ ಅಲ್ವಾ?”

ಅವಳು ಎದ್ದು ಹೋಗಿ ಎನಾಮಲ್ ಬೋಗುಣಿ ತಂದು, ಕೋಳಿ ಕೆದಕದಿರಲೆಂದು, ಆ ಹೆಜ್ಜೆಯ ಮೇಲೆ ಬೋರಲು ಹಾಕಿದಳು. ಆಮೇಲೆ, ಎಷ್ಟೋ ದಿನಗಳಿಂದ ಮುಂದೂಡಿದ್ದ ಕೆಲಸ ಎಂಬಂತೆ, ಹೊಸ್ತಿಲ ಪಕ್ಕದ ನೆರಳಿನಲ್ಲಿ ಚಾಪೆ ಹಾಸಿ ಬೆನ್ನು ಕೊಟ್ಟಳು. ದೊಡ್ಡಪ್ಪ ಆಡಿನ ಹಗ್ಗ ಬಿಚ್ಚುವ ಹೊತ್ತಿಗೆ ಅವಳ ಬಾಯಿ ತೆರೆದುಕೊಂಡಿತ್ತು, ಉಸಿರು ನಿದ್ದೆಯದಾಗಿತ್ತು.

ಝಾಖೆಲೆಯ ಜೇಬಿನಲ್ಲಿ ಫೋನು ಮತ್ತೆ ನಡುಗಿತು. ಈಗ ಮಾತಾಡಬಹುದಾಗಿತ್ತು. ಕಾಲಿನ ಜೋಮು ಬಿಟ್ಟು ಬಹಳ ಹೊತ್ತಾಗಿತ್ತು. ಬೇಲಿಯ ಕಡೆ ಹೋಗಲೆಂದು ಅವನು ಅಂಗಳಕ್ಕೆ ಇಳಿದ. ಬಲಗಾಲು ಇಟ್ಟ. ಎಡಗಾಲನ್ನು ಎತ್ತಿದ, ಬೋಗುಣಿಯನ್ನು ನೋಡಿದ. ಎತ್ತಿದ ಕಾಲನ್ನು ಯಾವ ಕಡೆಗೆ ತಿರುಗಿಸಿ ಊರಬೇಕೆಂದು ತಿಳಿಯದೆ, ನಡುಗುವ ಫೋನಿನ ಜೊತೆ, ಒಂಟಿ ಕಾಲಿನಲ್ಲಿ ಹಾಗೆಯೇ ನಿಂತ.